ಬಿಚ್ಚದ ಕಟ್ಟಿನ ಐದು ತಾರೀಖು

ಪಟ್ಟಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ದೊಡ್ಡಾಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಜನರ ಗಾಯ ತೊಳೆದು, ಔಷಧಿ ಹಚ್ಚಿ, ಮೇಲೆ ಅಂಟುಪಟ್ಟಿ ಹಾಕಿ ಕಳಿಸಿದವರು. ಕೈಗಿಂತ ಬಾಯಿಯ ಕೆಲಸವೇ ಜಾಸ್ತಿ ಎಂದು ಅಲ್ಲಿನ ನರ್ಸುಗಳು ಇಟ್ಟ ಅಡ್ಡಹೆಸರು ಅದು. ಅದರೊಳಗಿನ ಚುಚ್ಚು ಅವರಿಗೆ ತಿಳಿಯಲೇ ಇಲ್ಲ. ಬಿರುದು ಅಂದುಕೊಂಡು ಹೊತ್ತು ತಿರುಗಿದರು. ನಿವೃತ್ತಿಯಾದ ಮೇಲೂ ಮನೆ ಹತ್ತಿರದ ಸಣ್ಣ ಕ್ಲಿನಿಕ್ಕಿನಲ್ಲಿ ಬೆಳಗಿನ ಹೊತ್ತು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು.

ಅವರದು ಎರಡು ಕಟ್ಟುನಿಟ್ಟು. ಪಟ್ಟಿ ಅಂಟಿಸಿದ ಮೇಲೆ ಅದರ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಖು ಬರೆದು ಸಹಿ ಹಾಕಬೇಕು. ತೆಗೆಯುವಾಗ ಒಂದೇ ಎಳೆತಕ್ಕೆ ತೆಗೆಯಬೇಕು. "ನಾನು ಒಂದು ಅಂತೀನಿ, ಎರಡು ಅನ್ನೋಷ್ಟರಲ್ಲಿ ಬಂದಿರುತ್ತೆ" ಎನ್ನುತ್ತಿದ್ದರು. ಬರುತ್ತಿತ್ತು ಕೂಡ. ಜನ ಕಿರುಚಿದರೆ ಅದು ಅವರ ಪುಕ್ಕಲುತನ. ಪಟ್ಟಿಯದೂ ಅಲ್ಲ, ಎಳೆದ ಕೈಯದಂತೂ ಅಲ್ಲವೇ ಅಲ್ಲ.

ಅವರಿಗೊಬ್ಬ ಅಕ್ಕ ಇದ್ದರು. ಹನ್ನೆರಡು ವರ್ಷ ದೊಡ್ಡವರು, ಎಪ್ಪತ್ತಾರು ದಾಟಿದವರು. ನಾಲ್ಕು ಬಸ್‌ಸ್ಟಾಪಿನಾಚೆ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದುಕೊಂಡು, ಹರಿದ ಬಟ್ಟೆಗೆ ರಫೂ ಮಾಡಿಕೊಡುತ್ತಿದ್ದರು. ಕೋಟಿನ ತೋಳಿನಲ್ಲಿ ಇಲಿ ಕಡಿದ ತೂತನ್ನು ಅವರು ಮುಚ್ಚಿದರೆ ಇಲಿಗೂ ಗುರುತು ಸಿಗುತ್ತಿರಲಿಲ್ಲ. ನಾಲ್ಕು ಸ್ಟಾಪು ಏನು ಮಹಾ ದೂರ ಹೇಳಿ. ಆದರೂ ಮೇಷ್ಟ್ರು ಅಲ್ಲಿಗೆ ಹೋಗುತ್ತಿದ್ದದ್ದು ವರ್ಷಕ್ಕೆ ಮೂರು ಸಲ. ಜಗಳವಿಲ್ಲ, ಮನಸ್ತಾಪವಿಲ್ಲ. ನಾಳೆ ಹೋದರಾಯಿತು ಎಂಬ ಒಂದು ಮಾತಿದೆಯಲ್ಲ, ಅದೇ.

ಹೀಗಿರುವಾಗ ಒಂದು ದಿನ ಅಕ್ಕನ ಮೊಣಕಾಲ ಕೆಳಗೆ ಹೊಲಿಗೆ ಮಿಷನ್ನಿನ ಪೆಡಲಿನ ಮೂಲೆ ತಾಗಿ ಎರಡು ಬೆರಳಗಲ ಚರ್ಮ ಸುಲಿಯಿತು. ಫೋನು ಬಂತು. ಮೇಷ್ಟ್ರು ಬ್ಯಾಗು ಹಿಡಿದು ಹೋದರು, ತೊಳೆದರು, ಹತ್ತಿಬಟ್ಟೆ ಇಟ್ಟರು, ನಾಲ್ಕು ಕಡೆಯೂ ಅಂಟುಪಟ್ಟಿ ಒತ್ತಿದರು, ತಾರೀಖು ಬರೆದು ಸಹಿ ಹಾಕಿದರು. ಮೂರನೇ ದಿನ ಬುಧವಾರ. ಮತ್ತೆ ಹೋಗಿ, ಅಕ್ಕನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, "ಒಂದು" ಎಂದರು.

ಪಟ್ಟಿಯ ಜೊತೆ ಚರ್ಮವೂ ಬಂತು.

ಮೊದಲು ರಕ್ತ ಬರಲಿಲ್ಲ. ಅಂಗೈಯಷ್ಟು ಜಾಗ ಬೆಳ್ಳಗೆ ಒದ್ದೆಯಾಗಿ ಕಂಡಿತು, ಆಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಮೂಡಿದವು. ಪಟ್ಟಿಯ ಅಂಟಿನ ಮೇಲೆ ನೆನೆದ ಕಾಗದದ ಹಾಗೆ ಅಕ್ಕನ ಚರ್ಮ ಅಂಟಿಕೊಂಡಿತ್ತು. ಅಕ್ಕ ಕಿರುಚಲಿಲ್ಲ. ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡು "ಆಯ್ತೇನಪ್ಪಾ?" ಎಂದು ಕೇಳಿದರು. ಅಷ್ಟೇ.

ಬಾಗಿಲಲ್ಲಿ ಇನ್ನೊಬ್ಬರಿದ್ದರು. ಆ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಹೆಂಗಸು. ಎಲ್ಲರೂ ಮೆಟ್ಟಿಲಮ್ಮ ಎಂದೇ ಕರೆಯುವುದು. ಬಕೆಟ್ಟಿಗೆ ನೀರು ಕೇಳಲು ಬಂದವಳು ನೋಡಿಬಿಟ್ಟಳು.

"ಅಯ್ಯೋ ಅಣ್ಣಾ, ವಯಸ್ಸಾದವರ ಚರ್ಮಕ್ಕೆ ಅಂಟು ಆಗಲ್ಲ. ಹಿಂದುಗಡೆ ನೀರಿನ ಟ್ಯಾಂಕ್ ಹತ್ರ ಬಾಳೆ ಗಿಡ ಇದೆ. ಎಲೆ ಬೇಯಿಸಿ ಆರಿಸಿ ಇಟ್ಟು, ಮೇಲೆ ಹಳೇ ಬಟ್ಟೆ ಸುತ್ತಿದ್ರೆ ಕಚ್ಕೊಳ್ಳಲ್ಲ, ಬಿಚ್ಚುವಾಗ ನೋವೂ ಇರಲ್ಲ" ಎಂದಳು.

ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ. ಮೇಷ್ಟ್ರ ಕಿವಿ ಕೆಂಪಗಾಯಿತು.

"ಎಲೆ ತೋರ್ಸೋಕೆ ನಮ್ಮಕ್ಕ ಏನು ಮೇಕೆಯಾ? ನಾನು ಮೂವತ್ತನಾಲ್ಕು ವರ್ಷ ಇದನ್ನೇ ಮಾಡ್ಕೊಂಡು ಬಂದವನು. ನೀನು ಮೆಟ್ಟಿಲು ನೋಡ್ಕೋ ಹೋಗು. ಪೊರಕೆ ಹಿಡಿಯೋ ಕೈ ಗಾಯದ ಹತ್ರ ಬಂದ್ರೆ ಆಮೇಲೆ ಕಾಲೇ ಕತ್ತರಿಸಬೇಕಾಗುತ್ತೆ."

ಮೆಟ್ಟಿಲಮ್ಮ ಒಂದು ಕ್ಷಣ ತನ್ನ ಕೈ ನೋಡಿಕೊಂಡಳು. ಬಕೆಟ್ಟು ಎತ್ತಿಕೊಂಡು ಹೊರಟುಹೋದಳು.

ಮೇಷ್ಟ್ರು ಆಮೇಲೆ ಮಾಡಿದ್ದೇನು ಗೊತ್ತೇ? ಅದೇ ಥರದ ಇನ್ನೊಂದು ಅಂಟುಪಟ್ಟಿಯನ್ನೇ ಹಾಕಿದರು, ಇನ್ನೂ ಅಗಲವಾಗಿ. ಬೇರೇನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದಂತೂ ಮೊದಲಿನಿಂದಲೂ ಗೊತ್ತಿರಲಿಲ್ಲ. ತಾರೀಖು ಬರೆದು ಹಾಕಿದ ಸಹಿ ಸೊಟ್ಟಗಾಯಿತು.

ಮುಂದಿನ ಬುಧವಾರ ಬಂದರು. ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ಪಟ್ಟಿಯ ಅಂಚಿಗೆ ಉಗುರು ಹಚ್ಚಿದರು. ಉಗುರು ಅಲ್ಲೇ ನಿಂತಿತು. ಬೆವರು ಬಂತೇ ಹೊರತು ಬೆರಳು ಅಲುಗಲಿಲ್ಲ. ಕೊನೆಗೆ ಬಗ್ಗಿ ಮೂಸಿ ನೋಡಿದರು, ಸುತ್ತ ಒತ್ತಿ ನೋಡಿದರು, ಗಂಟಲು ಸರಿಮಾಡಿಕೊಂಡರು.

"ವಾಸನೆ ಇಲ್ಲ, ಊತ ಇಲ್ಲ. ಕಟ್ಟು ಒಣಗಿದೆ. ಒಳ್ಳೇ ಕಟ್ಟನ್ನ ಬಿಚ್ಚಬಾರದು ಅಕ್ಕ. ಗಾಳಿ ತಾಗಿದ್ರೆ ಕೆಡುತ್ತೆ."

ವಾರಗಟ್ಟಲೆ ಕಟ್ಟು ಬಿಚ್ಚದೆ ಬಿಡಬೇಕೆಂಬ ಈ ನಿಯಮವನ್ನು ಮೂವತ್ತನಾಲ್ಕು ವರ್ಷದಲ್ಲಿ ಅವರು ಒಬ್ಬ ರೋಗಿಗೂ ಹೇಳಿದವರಲ್ಲ. ಆ ಸ್ಟೂಲಿನ ಮೇಲೆ, ಆ ನಿಮಿಷದಲ್ಲಿ ಹುಟ್ಟಿದ ನಿಯಮ ಅದು. ಭಯವಾಗುತ್ತಿದೆ ಎನ್ನುವ ಬದಲು ನಿಯಮ ಎಂದರು. ಹಳೇ ತಾರೀಖಿನ ಕೆಳಗೆ ಹೊಸ ತಾರೀಖು ಬರೆದರು. ಅಕ್ಕ "ನೀನು ಹೇಳಿದ ಹಾಗೆ" ಎಂದು ಎದ್ದು ಚಹಾಕ್ಕಿಟ್ಟರು.

ಹೀಗೇ ಬುಧವಾರಗಳು ಬಂದವು. ಗಾಯದ ಕೆಲಸ ಎರಡು ನಿಮಿಷ, ಮಾತು ಎರಡು ಗಂಟೆ. ಅಕ್ಕ ವಾರವಿಡೀ ಕೂಡಿಟ್ಟವರಂತೆ ಸುದ್ದಿ ಹೇಳುತ್ತಿದ್ದರು. ಯಾವನೋ ಗಿರಾಕಿ ತನ್ನ ಪ್ಯಾಂಟನ್ನೇ ಗುರುತಿಸದೆ ಬೇರೆಯವರದು ಎಂದು ಜಗಳ ಆಡಿದ್ದು, ಪಕ್ಕದ ಮನೆಯ ಮುದುಕ ಹಲ್ಲಿನ ಸೆಟ್ಟು ಎಲ್ಲೋ ಇಟ್ಟು ಮೂರು ದಿನ ಗಂಜಿ ಕುಡಿದದ್ದು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಸ್ಸು ಹತ್ತಿದ ಕೂಡಲೇ ನಗು ಇಳಿಯುತ್ತಿತ್ತು. ಆ ಪಟ್ಟಿಯ ಕೆಳಗೆ ಏನಾಗಿರಬಹುದು? ಕೀವು ತುಂಬಿದ್ದರೆ? ವಯಸ್ಸಾದ ಕಾಲು, ಒಳಗೊಳಗೇ ಕೊಳೆತರೆ ಮೂಳೆಗೆ ಇಳಿಯಲು ಎಷ್ಟು ದಿನ? ಅದರ ಉತ್ತರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ರಾತ್ರಿ ಊಟ ಸೇರುತ್ತಿರಲಿಲ್ಲ. ಆದರೂ ಬುಧವಾರ ಬಂದರೆ ಉಗುರು ಅಂಚಿನಲ್ಲೇ ನಿಲ್ಲುತ್ತಿತ್ತು.

ಭಯ ಹೆಚ್ಚಾದಷ್ಟೂ ಕ್ಲಿನಿಕ್ಕಿನಲ್ಲಿ ಬಡಾಯಿ ಹೆಚ್ಚಾಯಿತು. "ನಮ್ಮಕ್ಕನ ಕಾಲು ನೋಡ್ಬೇಕು ನೀವು. ಎಪ್ಪತ್ತಾರು ವರ್ಷ, ಕಾಗದದಂಥ ಚರ್ಮ. ಅಂಟುಪಟ್ಟಿಯಲ್ಲೇ ಮಾಯಿಸ್ತಿದೀನಿ. ಎಲ್ಲಾ ಕೈಗುಣ" ಎಂದು ಕೆಮ್ಮಿಗೆ ಔಷಧಿ ಕೇಳಲು ಬಂದವರಿಗೂ ಹೇಳಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ.

ಕೇಳಿಸಿಕೊಳ್ಳುವವರು ಕೇಳಿಸಿಕೊಂಡರು. ಕ್ಲಿನಿಕ್ಕಿನ ಡಾಕ್ಟ್ರಮ್ಮ ಒಂದು ಮಂಗಳವಾರ, ಕೊನೆಯ ರೋಗಿ ಹೋದ ಮೇಲೆ, ಮೇಷ್ಟ್ರ ಹತ್ತಿರ ಬಂದು ನಿಂತರು.

"ಮೇಷ್ಟ್ರೇ, ನಮ್ಮಮ್ಮನಿಗೂ ಅದೇ ಕಥೆ. ಅಂಟು ಹಾಕಿದ ಕಡೆಯೆಲ್ಲಾ ಚರ್ಮ ಕಿತ್ತು ಬರುತ್ತೆ. ನೀವು ಹೇಗೆ ಮಾಡ್ತಿದೀರಿ ಅಂತ ನಾನು ಕಣ್ಣಾರೆ ನೋಡ್ಬೇಕು. ನಡೀರಿ, ಕಾರಲ್ಲೇ ಹೋಗ್ಬರೋಣ."

"ನಾಳೆ ಬುಧವಾರ... ನಾಳೆ ಬಿಚ್ಚೋ ದಿನ..."

"ನಾಳೆ ನನಗೆ ಆಗಲ್ಲ."

"ಅಕ್ಕ ಮಲಗಿರ್ತಾರೆ ಈ ಹೊತ್ತಲ್ಲಿ."

"ಎಬ್ಬಿಸೋದು ಬೇಡ. ಬಾಗಿಲಲ್ಲಿ ಕಾಯೋಣ ಬಿಡಿ."

ಕಾರಿನಲ್ಲಿ ಡಾಕ್ಟ್ರಮ್ಮ ಸಹಜವಾಗಿಯೇ ಕೇಳಿದರು: "ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ?"

"ಮೂರು ದಿನಕ್ಕೊಮ್ಮೆ" ಎಂದುಬಿಟ್ಟರು ಮೇಷ್ಟ್ರು. ಮಾತು ಬಾಯಿಂದ ಹೊರಬಿದ್ದ ಮೇಲೆ ನೆನಪಾಯಿತು. ಪಟ್ಟಿಯ ಮೇಲೆ ಐದು ತಾರೀಖುಗಳಿವೆ, ಒಂದರ ಕೆಳಗೊಂದು, ಐದೂ ತಮ್ಮದೇ ಅಕ್ಷರ, ಐದಕ್ಕೂ ತಮ್ಮದೇ ಸಹಿ. ಬೇರೆ ಸಾಕ್ಷಿ ಬೇಕೇ? ಮೂರು ಮಹಡಿ ಹತ್ತುವಾಗ ಅವರು ಬೇಡಿಕೊಂಡದ್ದು ಒಂದೇ. ನನ್ನ ಮಾನ ಹೋದರೆ ಹೋಗಲಿ, ಅಕ್ಕನ ಕಾಲು ಉಳಿದಿರಲಿ. ಎರಡನೇ ಮಹಡಿಯ ತಿರುವಿನಲ್ಲಿ, ಮಾನವೂ ಉಳಿದರೆ ಒಳ್ಳೆಯದು ಎಂದೂ ಸೇರಿಸಿಕೊಂಡರು.

ಬಾಗಿಲು ತೆರೆದೇ ಇತ್ತು.

ಅಕ್ಕ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ನೆಲದ ಮೇಲೆ ಮೆಟ್ಟಿಲಮ್ಮ ಕೂತಿದ್ದಳು. ಅವಳ ಪಕ್ಕದಲ್ಲಿ ಮುಚ್ಚಿದ ಸ್ಟೀಲಿನ ಪಾತ್ರೆ, ಒಗೆದು ಮಡಿಸಿದ ಹಳೇ ಬಟ್ಟೆಯ ಪಟ್ಟಿಗಳು, ತಟ್ಟೆಯಲ್ಲಿ ಬೆಂದು ಬಣ್ಣಗೆಟ್ಟ ಬಾಳೆಎಲೆಯ ತುಂಡುಗಳು. ಅಕ್ಕನ ಕಾಲಿಗೆ ಮೆತ್ತನೆಯ ಬಿಳಿ ಬಟ್ಟೆ ಸುತ್ತಿತ್ತು, ಗಂಟು ಪಕ್ಕಕ್ಕೆ. ಮತ್ತು ಮೇಷ್ಟ್ರ ಅಂಟುಪಟ್ಟಿ? ಅದು ಕಿಟಕಿಯ ಗಾಜಿನ ಮೇಲಿತ್ತು. ಹತ್ತಿಬಟ್ಟೆಯ ಸಮೇತ ಜೋಪಾನವಾಗಿ ಅಂಟಿಸಿದ್ದರು. ಹಿಂದಿನಿಂದ ಬಿಸಿಲು ಬಿದ್ದು ಐದು ತಾರೀಖೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಮೆಟ್ಟಿಲಮ್ಮ ಮೇಷ್ಟ್ರನ್ನು ನೋಡಿದವಳೇ ಎದ್ದು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ನಾನೇನೂ ಮಾಡಿಲ್ಲ ಅಣ್ಣಾ" ಎಂದಳು.

ಆ ಕೈ ಬೆನ್ನ ಹಿಂದೆ ಯಾಕೆ ಹೋಯಿತೆಂದು ಮೇಷ್ಟ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು.

"ನಾನೇ ಮಾಡು ಅಂದಿದ್ದು. ಅವಳನ್ನ ಯಾರೂ ಏನೂ ಅನ್ನಕೂಡದು" ಎಂದರು ಅಕ್ಕ. ಸೂಜಿಗೆ ದಾರ ಪೋಣಿಸುವ ಕೈಯಷ್ಟೇ ಗಟ್ಟಿ ದನಿ.

ಡಾಕ್ಟ್ರಮ್ಮ ಬೈಯಲು ಬಂದವರಲ್ಲ. ನೆಲದ ಮೇಲೆ ಕೂತೇಬಿಟ್ಟರು. "ಹೇಗೆ ಮಾಡಿದ್ರಿ, ಹೇಳಿ" ಎಂದರು.

ಮೆಟ್ಟಿಲಮ್ಮ ಮೊದಲು ಮೇಷ್ಟ್ರ ಮುಖ ನೋಡಿದಳು, ಆಮೇಲೆ ಅಕ್ಕನ ಮುಖ. "ಅಣ್ಣ ಎರಡನೇ ಸಲ ಪಟ್ಟಿ ಹಾಕಿ ಹೋದ್ರಲ್ಲ, ಆವತ್ತೇ ಸಾಯಂಕಾಲ ಅಂಚಿಗೆಲ್ಲಾ ಅಡುಗೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ವಿ. ತಾನಾಗೇ ಬಂತು, ಎಳೀಲೇ ಇಲ್ಲ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದ್ವಿ. ಎಲೇನ ದಂಟು ತೆಗೆದು, ತೊಳೆದು, ಬೇಯಿಸಿ, ಆರಿದ ಮೇಲೆ ಇಡೋದು. ಬಟ್ಟೆ ಅಮ್ಮನ ಹಳೇ ದುಪ್ಪಟಿದು, ಅದನ್ನೂ ಕುದಿಸಿ ಬಿಸಿಲಿಗೆ ಹಾಕಿದ್ದು. ಬಿಗಿ ಕಟ್ಟಬಾರದು, ಕೆಳಗೆ ಒಂದು ಬೆರಳು ಹೋಗ್ಬೇಕು. ದಿನಾ ಬಿಚ್ಚಿ ನೋಡ್ತಿದ್ದೆ. ಕೆಂಪಾಗಿದ್ರೆ, ಜ್ವರ ಬಂದಿದ್ರೆ ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ, ಯಾರು ಏನಂದ್ರೂ ಸರಿ."

"ಯಾರು ಕಲಿಸಿದ್ದು?"

"ನಮ್ಮಮ್ಮಂಗೆ ಸೀಮೆಎಣ್ಣೆ ಸ್ಟವ್ ಸುಟ್ಟಾಗ ದೊಡ್ಡಾಸ್ಪತ್ರೆಲಿ ಎರಡು ತಿಂಗಳು ಇದ್ವಿ. ಅಲ್ಲಿ ಸುಟ್ಟವರ ವಾರ್ಡಲ್ಲಿ ಎಲೇನೇ ಇಡ್ತಿದ್ರು. ನರ್ಸಮ್ಮ ಕಲಿಸಿಕೊಟ್ರು."

ಮೇಷ್ಟ್ರಿಗೆ ಆ ವಾರ್ಡು ಗೊತ್ತಿತ್ತು. ಗೊತ್ತಿಲ್ಲದೆ ಏನು, ಅವರ ಡ್ರೆಸ್ಸಿಂಗ್ ರೂಮಿನಿಂದ ಎರಡು ಬಾಗಿಲು ಆಚೆ. ಬುಟ್ಟಿಗಟ್ಟಲೆ ಎಲೆ ಒಳಗೆ ಹೋಗುವುದನ್ನು ನೋಡಿ, "ಅಡುಗೆ ಏನ್ರೀ ಇವತ್ತು?" ಎಂದು ಅಲ್ಲಿನವರನ್ನು ರೇಗಿಸುತ್ತಿದ್ದವರು ಅವರೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅವರಿಗೆ ಪಕ್ಕದ ವಾರ್ಡಿನ ಗಿಡವೂ ಮದ್ದಾಗಲಿಲ್ಲ. ಒಂದು ದಿನವಾದರೂ ಆ ಬಾಗಿಲು ದಾಟಿ ಒಳಗೆ ಹೋಗಿ ನೋಡಿದ್ದರೆ! ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಮುದುಕರು, ಎಷ್ಟು ಮುದುಕಿಯರು ಅವರೆದುರು ಕಣ್ಣು ಮುಚ್ಚಿಕೊಂಡು ಆ "ಒಂದು" ಕೇಳಲು ಕಾದು ಕೂತಿದ್ದರು. ಅವರೆಲ್ಲರ ಮುಖ ಈಗ, ಈ ಕೋಣೆಯಲ್ಲಿ, ಒಟ್ಟಿಗೇ ನೆನಪಾಗಬೇಕೇ?

ಡಾಕ್ಟ್ರಮ್ಮ ಗಂಟು ಬಿಚ್ಚಿದರು. ಎಲೆ ತನ್ನಷ್ಟಕ್ಕೆ ಜಾರಿ ಕೈಗೆ ಬಂತು. ಕೆಳಗೆ ಚರ್ಮ ಕೂಡಿಕೊಂಡಿತ್ತು. ತಿಳಿಗೆಂಪು, ನಯವಾಗಿ, ಪೂರ್ತಿ ಒಣಗಿ.

ಮೇಷ್ಟ್ರಿಗೆ ಅಳುವೇ ಬಂದುಬಿಟ್ಟಿತು. ಕಾಲು ಉಳಿದಿತ್ತು.

"ಇದು ಮಾಯ್ದು ಎರಡು ವಾರದ ಮೇಲಾಗಿದೆ. ಇನ್ನೂ ಯಾಕೆ ಕಟ್ತಿದೀರಿ?" ಎಂದು ಡಾಕ್ಟ್ರಮ್ಮ ಕೇಳಿದರು.

ಅಕ್ಕ ಗೋಡೆ ನೋಡಿದರು. ಮೆಟ್ಟಿಲಮ್ಮ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

ಡಾಕ್ಟ್ರಮ್ಮ ಎದ್ದು ಕಿಟಕಿಯ ಹತ್ತಿರ ಹೋದರು. ಓದಿದರು. ನಿಧಾನವಾಗಿ ತಿರುಗಿದರು.

"ಮೇಷ್ಟ್ರೇ, ಇದು ಒಂದೇ ಪಟ್ಟಿ."

"ಹೌದು."

"ಐದು ತಾರೀಖಿದೆ."

"ಹೌದಮ್ಮ."

"ಬಿಚ್ಚಲೇ ಇಲ್ವಾ ನೀವು? ಕೆಳಗೆ ಕೀವಾಗಿದ್ದಿದ್ರೆ?"

ಸುಳ್ಳು ಹೇಳಲು ಏನೂ ಉಳಿದಿರಲಿಲ್ಲ. ಮೇಷ್ಟ್ರು ತಮ್ಮ ಕಾಲಿನ ಬೆರಳು ನೋಡುತ್ತ, "ಹೆದರಿದೆ. ಮೊದಲನೇ ಸಲ ಚರ್ಮ ಕಿತ್ತು ಬಂತು. ಮತ್ತೆ ಕೈ ಬರಲಿಲ್ಲ. ನಿಮ್ಮ ಹತ್ರ ಹೇಳಿದ್ದೆಲ್ಲಾ ಸುಳ್ಳು" ಎಂದರು. ಮೂರು ಜನ ಹೆಂಗಸರ ಮುಂದೆ, ಅರವತ್ತನಾಲ್ಕನೇ ವಯಸ್ಸಿನಲ್ಲಿ. ಈ ಸಲ ಮೀಸೆಯೂ ಮಣ್ಣಾಯಿತು.

ಡಾಕ್ಟ್ರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೆಟ್ಟಿಲಮ್ಮನ ಕಡೆ ತಿರುಗಿ, "ನಮ್ಮಮ್ಮನಿಗೆ ಒಂದು ಸಲ ಬಂದು ತೋರಿಸಿಕೊಡ್ತೀರಾ? ನಾನೇ ಕರ್ಕೊಂಡು ಹೋಗಿ ಬಿಡ್ತೀನಿ" ಎಂದು ಕೇಳಿ, ಅವಳ ಕೆಲಸ ಮುಗಿಯುವ ಹೊತ್ತು ತಿಳಿದುಕೊಂಡು ಹೊರಟರು. ಮೆಟ್ಟಿಲಮ್ಮ ಪಾತ್ರೆ ಎತ್ತಿಕೊಂಡು ಹಿಂದೆಯೇ ಹೋದಳು.

ಅಕ್ಕ ತಮ್ಮ ಇಬ್ಬರೇ ಉಳಿದರು. ಮೇಷ್ಟ್ರು ಅಕ್ಕನೆದುರು ನೆಲದ ಮೇಲೆ ಕೂತರು.

"ಪ್ರತಿ ಬುಧವಾರ ಅದನ್ನ ಮತ್ತೆ ಕಾಲಿಗೆ ಹಾಕ್ಕೊಂಡು ಕೂರ್ತಿದ್ದೆಯಾ?"

"ಹ್ಞೂಂ. ನೀನು ಬರೋ ಅರ್ಧ ಗಂಟೆ ಮುಂಚೆ. ಅಂಟೆಲ್ಲಾ ಹೋಗಿತ್ತಲ್ಲ, ಎಲೆ ಮೇಲೆ ತೆಳ್ಳಗೆ ಬಟ್ಟೆ ಸುತ್ತಿ, ಆ ಬಟ್ಟೆಗೆ ಗಂಜಿ ಹಚ್ಚಿ ಕೂರಿಸ್ತಿದ್ವಿ. ನೀನು ಮೂಸುವಾಗ ಅವಳು ಅಡುಗೆಮನೇಲಿ ಅವಿತ್ಕೊಂಡು ನಗು ತಡ್ಕೋತಿದ್ಲು."

"ನನ್ನ ಮನಸ್ಸಿಗೆ ನೋವಾಗಬಾರದು ಅಂತಾನಾ?"

"ಮೊದಮೊದಲು ಅದಕ್ಕೇ. ನಿನ್ನ ಉಗುರು ಅಂಚಲ್ಲೇ ನಿಂತುಬಿಡ್ತಿತ್ತು ಅಂತ ನನ್ನ ಕಾಲಿಗೆ ಗೊತ್ತಾಗಲ್ವಾ? ಪಾಪ ಅನ್ನಿಸ್ತು."

"ಆಮೇಲೆ? ಮಾಯ್ದ ಮೇಲೆ?"

ಅಕ್ಕ ಸ್ಟೂಲಿನಿಂದ ಕಾಲು ಇಳಿಸಿ, ಸೀರೆಯ ಅಂಚು ಕೆಳಗೆಳೆದುಕೊಂಡರು.

"ಮಾಯ್ತು ಅಂದಿದ್ರೆ ಮತ್ತೆ ಯಾವಾಗ ಬರ್ತಿದ್ದೆ ನೀನು?"

ದೂರಿನ ದನಿಯಲ್ಲ. ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ ಹಾಗಿತ್ತು. ಮೇಷ್ಟ್ರು ಲೆಕ್ಕ ಹಾಕಿದರು. ಹೋದ ವರ್ಷ ಬಂದದ್ದು, ಅದರ ಹಿಂದಿನ ವರ್ಷ ಬಂದದ್ದು, ಎಲ್ಲಾ ಸೇರಿಸಿದರೂ ಈ ಐದು ವಾರಗಳಷ್ಟು ಹೊತ್ತು ಆಗುತ್ತಿರಲಿಲ್ಲ. ಚಹಾ ಬೇಡವೆಂದು ಹೇಳಿ ಎದ್ದರು.

ಎರಡನೇ ಮಹಡಿಯ ಮೆಟ್ಟಿಲಲ್ಲಿ ಮೆಟ್ಟಿಲಮ್ಮ ಒರೆಸುತ್ತಿದ್ದಳು. ಮೇಷ್ಟ್ರು ಒದ್ದೆ ಮೆಟ್ಟಿಲ ಮೇಲೆ ಕಾಲಿಡದೆ ನಿಂತರು.

"ತಪ್ಪಾಯ್ತಮ್ಮ. ಆವತ್ತು ಹಾಗೆ ಅನ್ನಬಾರದಿತ್ತು."

ಅವಳು ಬಟ್ಟೆ ಹಿಂಡಿದಳು. "ಮೇಕೆ ಅಂದಿದ್ದಕ್ಕೆ ಅಮ್ಮ ಆಮೇಲೆ ನಕ್ಕರು. ಪೊರಕೆ ಕೈ ಅಂದಿದ್ದಕ್ಕೆ ನಂಗೆ ನಗು ಬರಲಿಲ್ಲ."

"ಬರೋ ಮಾತಲ್ಲ ಅದು."

"ಅಲ್ಲ" ಎಂದಳು ಮೆಟ್ಟಿಲಮ್ಮ. ಬಿಡಿ, ಇರಲಿ ಎಂದೇನೂ ಹೇಳಲಿಲ್ಲ. ಹೇಳುತ್ತಾಳೆಂದು ಕಾದದ್ದಕ್ಕೇ ಮೇಷ್ಟ್ರಿಗೆ ಇನ್ನಷ್ಟು ನಾಚಿಕೆಯಾಯಿತು.

"ನಂಗೂ ಕಲಿಸಿಕೊಡ್... ಕೊಡ್ತೀರಾ?"

ಅವಳು ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದಳು. "ಬನ್ನಿ ಒಂದಿನ. ಬರುವಾಗ ಉಗುರು ಕತ್ತರಿಸ್ಕೊಂಡು ಬನ್ನಿ" ಎಂದು ಬಕೆಟ್ಟು ಪಕ್ಕಕ್ಕೆಳೆದು ದಾರಿ ಬಿಟ್ಟಳು.

ಮಾರನೇ ದಿನ ಬುಧವಾರ. ಮೇಷ್ಟ್ರು ಕ್ಲಿನಿಕ್ಕಿಗೆ ಹೋದರು, ಕೈಗುಣದ ಕಥೆ ಕೇಳಿದವರಲ್ಲಿ ಸಿಕ್ಕವರಿಗೆಲ್ಲ ನಿಜ ಹೇಳಿದರು. ಒಬ್ಬಿಬ್ಬರು ನಕ್ಕರು, ಒಬ್ಬರು ಪಾಪ ಎಂದರು. ಆದರೆ ಅಕ್ಕನ ಮನೆಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು ಎಂದು ಬಸ್‌ಸ್ಟಾಪಿನವರೆಗೆ ಹೋಗಿ ಹಿಂತಿರುಗಿದರು. ಎಂಥ ಮನುಷ್ಯ ನೋಡಿ. ಹೋಗಲಿಲ್ಲವೆಂದೇ ನಾಚಿಕೆ, ನಾಚಿಕೆಯೆಂದೇ ಹೋಗಲಿಲ್ಲ. ಗುರುವಾರವೂ ಹಾಗೇ ಕಳೆಯಿತು.

ಶುಕ್ರವಾರ ಮಧ್ಯಾಹ್ನ ಹೋದರು. ಬ್ಯಾಗಿಲ್ಲ, ಪಟ್ಟಿಯಿಲ್ಲ. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಬೆಲ್ಲು ಒತ್ತಿದರು.

ಅಕ್ಕ ಬಾಗಿಲು ತೆರೆದರು. ಮೊದಲು ತಮ್ಮನ ಬರಿಗೈ ನೋಡಿದರು, ಆಮೇಲೆ ಮುಖ. ಅಕ್ಕನ ಮುಖದ ಬಣ್ಣವೇ ಹೋಯಿತು.

"ಏನಾಯ್ತು? ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ ಅಕ್ಕ."

"ನಿನ್ನ ಹೆಂಡ್ತಿ ಹೇಗಿದಾಳೆ?"

"ಚೆನ್ನಾಗಿದಾಳೆ."

"ಮಕ್ಕಳು?"

"ಎಲ್ಲರೂ ಚೆನ್ನಾಗಿದಾರೆ. ಸುಮ್ನೆ ಬಂದೆ."

"ಸುಮ್ನೆ?" ಅಕ್ಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಮುಚ್ಚಿಡಬೇಡ ಕಣೋ. ಏನೇ ಇದ್ರೂ ತಡ್ಕೋತೀನಿ, ಹೇಳು."

ಮೇಷ್ಟ್ರು ಇನ್ನೂ ಎರಡು ಸಲ ಹೇಳಿದರು. ಅಕ್ಕ ನಂಬಲಿಲ್ಲ. ಕೆಟ್ಟ ಸುದ್ದಿಯನ್ನು ಕೇಳಿಸಿಕೊಂಡೇ ತಮ್ಮನನ್ನು ಒಳಗೆ ಬಿಡುವುದು ಎಂಬಂತೆ, ಅವರ ಮುಖವನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದರು.